ಮೆಟ್ಟಿಲಿಂದ ಎತ್ತಿದ ಹಾವಸೆ

ಹೊಸನಗರದಲ್ಲಿ ನನ್ನ ಮೊದಲ ಮಳೆಗಾಲ ಶುರುವಾದದ್ದು ಬಾಡಿಗೆ ಮನೆಯ ಹೊರಮೆಟ್ಟಿಲಿನಿಂದ ಜಾರಿ ಬೀಳುವುದರೊಂದಿಗೆ. ಕೊಡೆ ಒಂದು ಕಡೆ, ಊಟದ ಡಬ್ಬಿ ಒಂದು ಕಡೆ. ನೋವಿಗಿಂತ ಮೊದಲು ಗೊತ್ತಾದದ್ದು ಅಂಗೈಗೆ ತಾಗಿದ ಮೆತ್ತನೆಯ ಹಸಿರು. ಕಲ್ಲಿನ ಮೆಟ್ಟಿಲಿಗೆ ಯಾರೋ ಮಕಮಲ್ಲು ಹೊದಿಸಿದ ಹಾಗಿತ್ತು. ಬೇಸಿಗೆಯಲ್ಲಿ ನಾನು ಕೂತು ಚಹಾ ಕುಡಿಯುತ್ತಿದ್ದ ಮೆಟ್ಟಿಲು ಅದೇ ಎಂದರೆ ನಂಬಲಾಗಲಿಲ್ಲ.

ನಾನು ವಿಜಯಪುರದವಳು, ಇಲ್ಲಿನ ಆಸ್ಪತ್ರೆಗೆ ನರ್ಸ್ ಆಗಿ ಬಂದವಳು. ನಮ್ಮ ಕಡೆ ಒಂದು ತುಳಸಿ ಉಳಿಯಬೇಕಾದರೂ ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ಎತ್ತಿಡಬೇಕು. ಇಲ್ಲಿ ಹಸಿರು ಬೇಡವೆಂದರೂ ಗೋಡೆ ಹತ್ತುತ್ತದೆ, ಸ್ಕೂಟಿಯ ಮಡ್‌ಗಾರ್ಡಿನ ಮೇಲೂ ಕೂರುತ್ತದೆ. ನಮ್ಮಲ್ಲಿ ಮಳೆ ಬಂದರೆ ಸುದ್ದಿ. ಇಲ್ಲಿ ಮಳೆ ಬಿಡುವು ಕೊಟ್ಟರೆ ಅದಕ್ಕೊಂದು ಹೆಸರೇ ಇದೆ, ಹೊಳವು. ಒಗೆದ ಬಟ್ಟೆ ಹೊಳವಿಗಾಗಿ ಕಾಯುತ್ತದೆ, ನಾನೂ ಕಾಯುತ್ತಿದ್ದೆ. ಊರಿನಿಂದ ತಂದ ಜೋಳದ ಹಿಟ್ಟು ತೇವ ಹಿಡಿದು ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. ಅಕ್ಕ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದಳು, “ವರ್ಗಾವಣಿಗೆ ಅರ್ಜಿ ಹಾಕಿದೇನ?” ಬಿದ್ದ ದಿನ, ಊದಿದ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತ, ಹಾಕಿಯೇ ತೀರುತ್ತೇನೆ ಎಂದೆ.

ಮರುದಿನ ಕಬ್ಬಿಣದ ಬ್ರಷ್ಷು, ಬ್ಲೀಚಿಂಗ್ ಪೌಡರ್ ಹಿಡಿದು ಮೆಟ್ಟಿಲಿಗೆ ಕೂತೆ. ಕೆಳಗಿನ ಮನೆಯಲ್ಲಿರುವ ಮಾಲೀಕರು ಪದ್ಮಾವತಮ್ಮ ಹೊರಗೆ ಬಂದರು. ಜೈನರು, ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಕತ್ತಲಾಗುವ ಮುಂಚೆ ಊಟ ಮುಗಿಸುವುದನ್ನು ಬಿಟ್ಟರೆ ಅವರ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ.

“ಸಿಸ್ಟ್ರೇ, ಹಾವಸೆ ಕೆರೀಬೇಡಿ.”

ನಾವು ಪಾಚಿ ಎನ್ನುವುದನ್ನು ಅವರು ಹಾವಸೆ ಎನ್ನುತ್ತಿದ್ದರು.

“ಜಾರಿ ಬಿದ್ದೀನ್ರೀ,” ಎಂದು ಕೈ ತೋರಿಸಿದೆ.

“ನೋಡ್ದೆ. ಮಳೆಗೆ ಮುಂಚೆನೇ ಮೆಟ್ಲು ತಿಕ್ಕಿ ಸುಣ್ಣ ಬಳೀಬೇಕಿತ್ತು, ಆಗ್ಲಿಲ್ಲ. ಹುಟ್ಟದ ಹಂಗೆ ನೋಡ್ಕಳೋದು ಬೇರೆ. ಹುಟ್ಟಿದ್ಮೇಲೆ ಅದೂ ಒಂದು ಜೀವ ಅಲ್ವಾ?”

“ಹಂಗಾದ್ರ ನಾ ಹ್ಯಾಂಗ ಇಳೀಲಿ?”

ಅವರು ನನ್ನ ಪಟ್ಟಿಯನ್ನೂ ಮೆಟ್ಟಿಲನ್ನೂ ನೋಡಿದರು. ಒಳಗೆ ಹೋಗಿ ದೋಸೆ ಮಗುಚುವ ಹಳೆಯ ಸಟ್ಟುಗ ತಂದುಕೊಟ್ಟರು. “ಎತ್ತಿ ಬೇರೆ ಕಡೆ ಇಡಕ್ಕಾಗತ್ತಾ ನೋಡಿ.”

ದೋಸೆ ಏಳುವ ಹಾಗೆಯೇ ಎದ್ದಿತು. ಬಹುಪಾಲನ್ನು ಹಿತ್ತಲಿನ ಬಂಡೆಯ ಮೇಲೆ ಹಾಸಿದೆವು. ಒಂದು ತುಂಡನ್ನು ಮಾತ್ರ, ಏನಾಗುತ್ತದೋ ನೋಡೋಣವೆಂದು, ಕಿಟಕಿಯ ಬಳಿ ಪಿಂಗಾಣಿ ಬಟ್ಟಲಿನಲ್ಲಿಟ್ಟುಕೊಂಡೆ.

ಅಲ್ಲಿಂದ ನನಗೊಂದು ಕೆಲಸ ಸಿಕ್ಕಿತು. ನಲ್ಲಿ ನೀರು ಹಾಕಿದೆ, ತುದಿ ಕಂದಾಯಿತು. ಮಾಡಿನಿಂದ ಇಳಿವ ನೀರು ಹಿಡಿದು ಹಾಕಿದೆ, ಚೇತರಿಸಿತು. ಉಪ್ಪಿನಕಾಯಿ ಜಾಡಿಯಲ್ಲಿ ಇದ್ದಿಲು, ಮರಳು, ಕೆಂಪು ಮಣ್ಣು ಹಾಸಿ ಇನ್ನೊಂದು ತುಂಡು ಒತ್ತಿ ಮುಚ್ಚಳ ಹಾಕಿದರೆ ಬಿಳಿ ಬೂಸು ಬಂತು. ಮುಚ್ಚಳ ಓರೆ ಮಾಡಿದರೆ ಹೋಯಿತು. ಬೇರಿಲ್ಲದ ಈ ಗಿಡ ಮೈಯೆಲ್ಲ ಬಾಯಾಗಿ ಕುಡಿಯುತ್ತದೆ ಎಂಬುದನ್ನು ನೋಡುತ್ತ ನೋಡುತ್ತ ಕಲಿತೆ. ಒಂದು ಬೆಳಿಗ್ಗೆ ಕೂದಲೆಳೆಯಂಥ ಕಡ್ಡಿಗಳು ಎದ್ದು, ಒಂದೊಂದರ ತುದಿಗೂ ಪುಟ್ಟ ಟೊಪ್ಪಿಗೆ ಬಂದಿತ್ತು. ಹೇಳಲು ಯಾರೂ ಹೊಳೆಯದೆ ಕೆಳಗೆ ಓಡಿದೆ.

ಪದ್ಮಾವತಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಇಷ್ಟು ವರ್ಷ ತುಳೀದೆ ದಾಟಿದೀನಿ. ಬಗ್ಗಿ ನೋಡಿರ್ಲಿಲ್ಲ,” ಎಂದರು. ಆಮೇಲೆ ತಿಂಡಿಗೆ ಅಲ್ಲೇ ಕೂರಿಸಿಕೊಂಡರು. ಆ ಊರಿನಲ್ಲಿ ನಾನು ಇನ್ನೊಬ್ಬರ ಮನೆಯಲ್ಲಿ ಕೂತು ತಿಂದದ್ದು ಅದೇ ಮೊದಲು. ತೀರ್ಥಹಳ್ಳಿಯ ತಮ್ಮ ತವರಿಗೆ ಹೋದಾಗ ಅವರು ಅಲ್ಲಿ ಉದುರಿ ಬಿದ್ದ ಕೊಂಬೆಯೊಂದನ್ನು ತಂದುಕೊಟ್ಟರು. ಅದರ ಮೇಲೆ ಉಗುರಿನಗಲದ ಜರಿಗಿಡ ಹಬ್ಬಿತ್ತು. “ಕಿತ್ತಿದ್ದಲ್ಲ, ಬಿದ್ದಿದ್ದು,” ಎಂದು ಕೊಡುವ ಮೊದಲೇ ಸ್ಪಷ್ಟಪಡಿಸಿದರು.

ಮೇ ತಿಂಗಳಲ್ಲಿ ರಜೆ ಸಿಕ್ಕಿತು. ಪಿಂಗಾಣಿ ಬಟ್ಟಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ಒಯ್ದೆ. ಅಕ್ಕ ನೋಡಿ ನಕ್ಕಳು. “ಮಂದಿ ಆ ಕಡಿಂದ ಅಪ್ಪೆಮಿಡಿ ಉಪ್ಪಿನಕಾಯಿ ತರ್ತಾರ, ನೀ ಪಾಚಿ ತಂದಿ.” ನಕ್ಕರೂ ಕೂಲರಿನ ಪಕ್ಕದ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟಳು. ಎಷ್ಟು ಚಿಮುಕಿಸಿದರೂ ಬಿಸಿಗಾಳಿಗೆ ಅದು ಸುರುಟಿ ಗರಿಗರಿಯಾಯಿತು. ಸತ್ತಿತೋ ಮಲಗಿತೋ ತಿಳಿಯಲಿಲ್ಲ. ನನ್ನ ಮುಖ ನೋಡಿ ಅಕ್ಕನೇ ಪೆಚ್ಚಾದಳು.

ಸಂಜೆ ಚಿಮುಕಿಸಿ ಉಳಿದ ನೀರನ್ನು ಹಿತ್ತಲ ಗೋಡೆಯ ಬುಡಕ್ಕೆ ಚೆಲ್ಲಿದೆ. ಬಚ್ಚಲಿನ ನೆರಳು ಬೀಳುವ ಆ ಗೋಡೆಗೆ ನಾನು ಹುಟ್ಟಿದಾಗಿನಿಂದ ಕಪ್ಪು ಹಕ್ಕಳೆ ಅಂಟಿಕೊಂಡೇ ಇದೆ. ಬಟ್ಟಲು ಒರೆಸಿ ತಿರುಗುವುದರೊಳಗೆ ಆ ಕಪ್ಪು ಮಿದುವಾಗಿ, ಅಲ್ಲಲ್ಲಿ ಹಸಿರಾಗತೊಡಗಿತ್ತು.

“ಅಕ್ಕಾ, ಇಲ್ಲಿ ಬಾ.”

ಅಕ್ಕ ಕೈಗೆ ಮೆತ್ತಿದ ಹಿಟ್ಟಿನ ಸಮೇತ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ತಂಬಿಗೆಯಿಂದ ಇನ್ನಷ್ಟು ನೀರು ಹನಿಸಿದಳು. ನಾವಿಬ್ಬರೂ ಗೋಡೆಗೆ ಮೂಗು ತಾಗುವಷ್ಟು ಬಗ್ಗಿದೆವು. ಹೊಸನಗರದ್ದಕ್ಕಿಂತ ಗಿಡ್ಡ, ಒತ್ತೊತ್ತಾಗಿತ್ತು. ಆದರೆ ಅದೂ ಹಾವಸೆಯೇ.

“ಹೊಲಸಂತ ತಿಳಿದು ದೀಪಾವಳಿಗೊಮ್ಮಿ ಕೆರದ ಒಗೀತಿದ್ದೆ ನಾ,” ಎಂದಳು. “ಇದು ಮೊದಲಿಂದ ಇಲ್ಲೇ ಇತ್ತೇನ?”

“ಇತ್ತು. ನಮಗ ಗೊತ್ತಿರಲಿಲ್ಲ.”

“ಇದನ್ನ ನೋಡೂದು ಕಲಿಯಾಕ ಅಷ್ಟ ದೂರ ಹೋದಿ.”

ಅವಳು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು, ನಾನು ಒಲೆಯ ಮುಂದೆ. ಈ ಸಲ ಬಂದಾಗಿನಿಂದ ಅವಳು ಅರ್ಜಿಯ ಮಾತು ಎತ್ತಿರಲಿಲ್ಲ, ನಾನೂ ಹಾಕಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ನೋಡುತ್ತ ಅಕ್ಕ ಕೇಳಿದಳು, “ನಿಮ್ಮೂರಿಗೆ ಎಂದು ಹೊಂಟಿ?”

“ಐತಾರ,” ಎಂದೆ.

ರೊಟ್ಟಿ ಮಗುಚಿದ ಮೇಲೆ, ಅವಳು ಹೊಸನಗರವನ್ನು ‘ನಿಮ್ಮೂರು’ ಎಂದದ್ದು ನನಗೆ ತಟ್ಟಿತು. ಅವಳಿಗೂ ತಟ್ಟಿರಬೇಕು, ಬಡಿಯುವ ಕೈ ಒಂದು ಕ್ಷಣ ನಿಂತಿತು. ಇಬ್ಬರೂ ತಿದ್ದಲು ಹೋಗಲಿಲ್ಲ.