ಇದ್ದ ಬಣ್ಣದ ರಾಧಾಮಣಿ

ಪರೀಕ್ಷಾ ಕೇಂದ್ರದ ಗೇಟಿನಲ್ಲಿ ನಿಂತಿದ್ದ ಪೊಲೀಸಪ್ಪ ನನ್ನ ಗುರುತಿನ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಚೀಟಿ ನೋಡಿದರು.

"ಸಾರ್, ಇವರನ್ನ ಕರ್ಕೊಂಡು ಬನ್ನಿ."

"ಯಾರನ್ನ?"

"ಈ ಫೋಟೋದಲ್ಲಿರೋರನ್ನ."

"ಅದು ನಾನೇ ಕಣಪ್ಪ."

"ಹಂಗೆಲ್ಲ ಹೇಳ್ಬಾರ್ದು ಸಾರ್. ಒಬ್ಬರ ಡ್ಯೂಟಿಗೆ ಇನ್ನೊಬ್ಬರು ಬಂದ್ರೆ ಕೇಸಾಗ್ತದೆ."

ಪರೀಕ್ಷೆ ಮೇಲ್ವಿಚಾರಣೆಗೆಂದು ಚಿಂತಾಮಣಿಯಿಂದ ಬೆಳಗಿನ ಬಸ್ಸಿಗೆ ಶಿಡ್ಲಘಟ್ಟಕ್ಕೆ ಬಂದಿದ್ದ ಕನ್ನಡ ಉಪನ್ಯಾಸಕ ನಾನು. ಚೀಟಿಯಲ್ಲಿದ್ದವರೋ, ಹಾಲಿನಲ್ಲಿ ಅದ್ದಿ ತೆಗೆದಂತಿದ್ದ ಯಾವುದೋ ಶ್ರೀಮಂತರ ಮನೆಯ ಅಳಿಯ. ಸಾಲಿನಲ್ಲಿದ್ದ ಮಕ್ಕಳು ಹಾಲ್ ಟಿಕೆಟ್ಟಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕೊನೆಗೆ ಅಲ್ಲಿನ ಪ್ರಾಂಶುಪಾಲರು ಬಂದು, "ಈ ಬೋಳುತಲೆಗೆ ನಾನು ಜವಾಬ್ದಾರಿ" ಎಂದು ಹೇಳಿ, ಕಳೆದುಹೋದ ಮಗುವನ್ನು ಬಿಡಿಸಿಕೊಂಡು ಹೋಗುವಂತೆ ಕೈ ಹಿಡಿದು ಒಳಗೆ ಕರೆದೊಯ್ದರು.

ಪೊಲೀಸಪ್ಪನ ತಪ್ಪೇನೂ ಇಲ್ಲ. ಹಿಂದಿನ ವಾರ ಚಿಂತಾಮಣಿಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದಾಗ, ಕೌಂಟರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ರಾಧಾಮಣಿಗೆ, "ಸ್ವಲ್ಪ ನೋಡ್ಕೊಂಡು ಮಾಡಮ್ಮ" ಎಂದಿದ್ದೆ.

"ನೋಡ್ಕೊಂಡೇ ಮಾಡ್ತಿದೀನಿ ಸಾರ್. ನೀವಿರೋದು ಹಿಂಗೇ," ಎಂದಳು.

ನನ್ನ ಮುಖ ಸಣ್ಣಗಾದದ್ದನ್ನು ಕಂಡು ಮಾಲೀಕ ಮೋಹನ್‌ಬಾಬು ಓಡಿಬಂದರು. ಅವಳನ್ನು ಪಕ್ಕಕ್ಕೆ ಸರಿಸಿ, ಒಂದು ಗುಂಡಿ ಒತ್ತಿ, ನನ್ನನ್ನು ಸುಣ್ಣ ಹೊಡೆದ ಗೋಡೆ ಮಾಡಿಕೊಟ್ಟರು. ನಾನು ಥ್ಯಾಂಕ್ಸ್ ಬೇರೆ ಹೇಳಿದೆ. ಅದೇ ದಿನ ಬೆಳಿಗ್ಗೆ ತರಗತಿಯಲ್ಲಿ ವರ್ಣಭೇದದ ವಿರುದ್ಧ ನಲವತ್ತು ನಿಮಿಷ ಗಂಟಲು ಹರಿದುಕೊಂಡಿದ್ದೆ. ರಾಧಾಮಣಿಯೂ ಒಂದು ಕಾಲಕ್ಕೆ ಅದೇ ತರಗತಿಯಲ್ಲಿ ಕೂತು ಅದೇ ಪಾಠ ಕೇಳಿದವಳು. ಪಾಪ, ನಂಬಿಬಿಟ್ಟಿದ್ದಳು.

ದಿಬ್ಬೂರಹಳ್ಳಿಯ ಹೆಣ್ಣುಮಗಳು. ಕಪ್ಪಿನಲ್ಲಿ ನನಗಿಂತ ಒಂದು ಕೈ ಮೇಲು. ಅವಳು ಈ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ್ದೇ ಒಂದು ಜಗಳದಿಂದ. ಹದಿನೈದು ವರ್ಷದ ಹಿಂದೆ ಮೋಹನ್‌ಬಾಬು ತೆಗೆದ ಅವಳ ಫೋಟೋ ನೋಡಿ ನಗರಗೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ರಾಧಾಮಣಿ ಕಾಫಿ ತಟ್ಟೆ ಹಿಡಿದು ಬಂದಳು. ಅವರು ಕಾಫಿ ತೆಗೆದುಕೊಂಡರು, ಕುಡಿದರು, ಲೋಟ ಕೆಳಗಿಟ್ಟರು. ಆಮೇಲೆ ಗಂಡಿನ ತಾಯಿ, "ಸರಿ, ಹೊತ್ತಾಯ್ತು, ಹುಡುಗೀನ ಕರೀರಿ" ಎಂದರು.

"ಹುಡುಗಿ ಚಿಂತಾಮಣಿ ಸ್ಟುಡಿಯೋದಲ್ಲಿದಾಳೆ. ಅಲ್ಲೇ ಹೋಗಿ ನೋಡ್ಕೊಳ್ಳಿ," ಎಂದು ರಾಧಾಮಣಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳಂತೆ.

ಮರುದಿನ ಸ್ಟುಡಿಯೋಗೆ ಬಂದು ಒಂದು ಗಂಟೆ ಬೈದಳು. ಇಷ್ಟು ಹೊತ್ತು ನೀರು ಕುಡಿಯದೆ ಮಾತಾಡುವವರು ಕೌಂಟರಿಗೆ ಬೇಕೆಂದು ಮೋಹನ್‌ಬಾಬು ಕೆಲಸ ಕೊಟ್ಟರು. ಮುಂದೆ ಬಸ್ ಕಂಡಕ್ಟರ್ ಚಲಪತಿಯನ್ನು ಮದುವೆಯಾದಳು. ಅವನು ಫೋಟೋ ಕೇಳಲಿಲ್ಲ. ದಿನಾ ಟಿಕೆಟ್ ಕೊಡುವಾಗ ನೋಡುತ್ತಿದ್ದ.

ಮೊದಮೊದಲು ಅವಳೂ ಹೇಳಿದಂತೆ ಕೇಳಿದಳು. ತಾಲ್ಲೂಕಿನ ಅರ್ಧ ಮದುವೆಗಳು ಅವಳ ಕೈಯಲ್ಲೇ ಬೆಳ್ಳಗಾದವು. ಒಂದು ದಿನ ಅಕ್ಕನ ಮಗಳು ರೂಪ, ಚಿಕ್ಕಮ್ಮನೇ ಬೆಳ್ಳಗೆ ಮಾಡಿಕೊಟ್ಟಿದ್ದ ತನ್ನ ಶಾಲೆಯ ಫೋಟೋ ಹಿಡಿದು, "ಚಿಕ್ಕಮ್ಮ, ನಾನು ಇದ್ದಂಗೇ ಇದ್ರೆ ಫೋಟೋ ಬರಲ್ವಾ?" ಎಂದು ಕೇಳಿದಳು. ಅವತ್ತಿಂದ ರಾಧಾಮಣಿ ಆ ಗುಂಡಿ ಮುಟ್ಟಿಲ್ಲ. ಯಾರಾದರೂ "ಒಂಚೂರು ಬೆಳ್ಳಗೆ ಮಾಡಮ್ಮ" ಎಂದರೆ, "ನೀವು ಹಿಂಗಿದ್ರೆ ಯಾರಿಗೆ ತೊಂದ್ರೆ? ಹೆಸರು ಹೇಳಿ, ನಾನು ಮಾತಾಡ್ತೀನಿ," ಎನ್ನುತ್ತಾಳೆ.

ಪರೀಕ್ಷೆ ಮುಗಿಸಿ ನಾನು ನೇರ ಸ್ಟುಡಿಯೋಗೆ ಹೋದೆ. ಅಲ್ಲಿ ಆಗಲೇ ಜೋರು ಮಾತು ನಡೆದಿತ್ತು.

"ಸೋಮವಾರದಿಂದ ನೀನು ಒಳಗೆ ಲ್ಯಾಮಿನೇಷನ್‌ಗೆ ಹೋಗಮ್ಮ. ಕೌಂಟರ್‌ಗೆ ಬೇರೆ ಹುಡುಗಿ ಬರ್ತಾಳೆ," ಎನ್ನುತ್ತಿದ್ದರು ಮೋಹನ್‌ಬಾಬು.

"ಯಾಕಣ್ಣ, ನನ್ ಕೆಲ್ಸದಲ್ಲಿ ಏನ್ ತಪ್ಪು?"

"ತಪ್ಪು ಅಂತಲ್ಲ. ಮುಂದ್ಗಡೆ ಸ್ವಲ್ಪ ಲಕ್ಷಣವಾಗಿರೋರು ಕೂತ್ರೆ ಗಿರಾಕಿ ಬರ್ತಾರೆ."

"ಲಕ್ಷಣ ಅಂದ್ರೆ ಬಣ್ಣ ತಾನೆ? ಬಾಯ್ಬಿಟ್ಟು ಹೇಳಿ. ಸಾರೂ ಇದಾರೆ, ಕೇಳಿಸ್ಕೊಳ್ಲಿ."

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅಂದು ಅಷ್ಟಮಿ.

"ಬಣ್ಣ ನೋಡಿ ಕುರ್ಚಿ ಕೊಡೋದಾದ್ರೆ ಬಾಗಿಲಲ್ಲೇ ಬೋರ್ಡ್ ಹಾಕ್ಬಿಡಿ, ಕಪ್ಪಗಿರೋರು ಬರಬಾರದು ಅಂತ. ಬೆಳಿಗ್ಗೆ ಬೀಗ ತೆಗೆಯೋಕೆ ಯಾರು ಬರ್ತಾರೆ ನೋಡಣ."

ಮೋಹನ್‌ಬಾಬು ಬಣ್ಣದಲ್ಲಿ ನಮ್ಮಿಬ್ಬರ ಬಂಧುವೇ. ಗೋಡೆಯ ಮೇಲಿನ ಅವರ ದೊಡ್ಡ ಫೋಟೋ ಮಾತ್ರ ಎಷ್ಟು ಬೆಳ್ಳಗಿದೆಯೆಂದರೆ, ಹೊಸಬರು ಅದನ್ನು ತೋರಿಸಿ, "ಓನರ್ ಯಾವಾಗ ಬರ್ತಾರೆ?" ಎಂದು ಅವರನ್ನೇ ಕೇಳುತ್ತಾರೆ. ಮಾತು ನಾಟಿತು. "ಹಂಗಾದ್ರೆ ಲ್ಯಾಮಿನೇಷನ್ನೂ ಬೇಡ. ಸೋಮವಾರದಿಂದ ಬರಲೇಬೇಡ!" ಎಂದು ಕೂಗಿದರು.

ಆ ಹೊತ್ತಿಗೆ ಬಾಗಿಲ ಮುಂದೆ ಒಂದು ಗೂಡ್ಸ್ ಆಟೋ ನಿಂತಿತು. ಹಿಂದೆ ಒಂದು ಎಮ್ಮೆ. ಮುಂದಿನಿಂದ ಇಳಿದವನು ಕೈವಾರದ ಕಡೆಯ ರೈತ ಮುನಿವೆಂಕಟಪ್ಪ. ಬಂದವನೇ ಕೌಂಟರಿನ ಮೇಲೆ ಒಂದು ಫೋಟೋ ಬಡಿದ.

"ಏಮಯ್ಯಾ ಮೋಹನ್‌ಬಾಬು, ಇದು ಯಾರ ಎಮ್ಮೆ?"

ಫೋಟೋದಲ್ಲಿ ಮುನಿವೆಂಕಟಪ್ಪನ ಪಕ್ಕ, ಬಾಗಿದ ಕೊಂಬಿನ ಒಂದು ಬಿಳಿಯ ಪ್ರಾಣಿ ನಿಂತಿತ್ತು. ಎಮ್ಮೆಯ ವಿಮೆಗೆ ಬೇಕಿದ್ದ ಫೋಟೋ. ರಾಧಾಮಣಿ ರಜೆ ಹಾಕಿದ್ದ ದಿನ ಮೋಹನ್‌ಬಾಬು ತಾವೇ ತೆಗೆದುಕೊಟ್ಟದ್ದು.

"ವಿಮೆಯೋರು ನಕ್ಕು ನಕ್ಕು ವಾಪಸ್ ಕಳಿಸಿದ್ರು. ಇದು ಹಸೂನೂ ಅಲ್ಲ, ಕುದುರೇನೂ ಅಲ್ಲ ಅಂತಾರೆ. ತಗೋ, ಎಮ್ಮೇನೇ ತಂದಿದೀನಿ. ಕಣ್ಬಿಟ್ಟು ನೋಡಿ ಇನ್ನೊಂದು ತೆಗಿ."

ಮೋಹನ್‌ಬಾಬು ತೆಗೆದರು. ಬೆಳ್ಳಗೆ ಬಂತು. ಮತ್ತೆ ತೆಗೆದರು. ಇನ್ನೂ ಬೆಳ್ಳಗೆ ಬಂತು. ರಾಧಾಮಣಿ ಆ ಗುಂಡಿ ಮುಟ್ಟುವುದಿಲ್ಲವೆಂದು, ನನ್ನ ಫೋಟೋ ಆದ ಮೇಲೆ, ಯಾವ ಫೋಟೋ ಹಾಕಿದರೂ ತಾನಾಗಿ ಬೆಳ್ಳಗಾಗುವಂತೆ ಕಂಪ್ಯೂಟರಿಗೆ ಹೇಳಿಟ್ಟಿದ್ದವರು ಅವರೇ. ಬೇಡವೆನ್ನುವುದು ಹೇಗೆಂದು ಅವರಿಗೆ ತಿಳಿಯದು. ಮೂರನೆಯದರಲ್ಲಿ ಎಮ್ಮೆಯ ಕೆನ್ನೆಗೆ ಗುಲಾಬಿ ರಂಗೂ ಬಂದಿತ್ತು. ರಸ್ತೆಯಲ್ಲಿ ಜನ ಸೇರಿದರು.

"ರಾಧಾಮಣಿ, ಅದೇನೋ ಒಂಚೂರು ತೆಗ್ದುಬಿಡಮ್ಮ."

"ಎಮ್ಮೆ ಕಪ್ಪಗಿರಬಹುದಾ ಅಣ್ಣ?"

"ಎಮ್ಮೆ ಕಪ್ಪಗೇ ಇರಬೇಕು ಕಣಮ್ಮ!"

"ನಾನು?"

ಮೋಹನ್‌ಬಾಬು ಎಮ್ಮೆಯನ್ನು ನೋಡಿದರು. ಎಮ್ಮೆ ಮೋಹನ್‌ಬಾಬುವನ್ನು ನೋಡಿ, ನಿಧಾನವಾಗಿ, ಆಟೋ ತುಂಬ ಸಗಣಿ ಹಾಕಿತು. ಇನ್ನೂ ಸುಮ್ಮನಿದ್ದರೆ ಅದಕ್ಕಿಂತ ಕಡೆಯಾಗುತ್ತೇನೆಂದು ನಾನು ಅಷ್ಟಮಿಯನ್ನು ಬಿಟ್ಟು, "ಅವಳು ಕೇಳ್ತಿರೋದು ನ್ಯಾಯವಾಗಿದೆ ಮೋಹನ್‌ಬಾಬು" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಹೇಳ್ಬಿಡಯ್ಯ," ಎಂದ ಮುನಿವೆಂಕಟಪ್ಪ. "ಹಾಲು ಕರೆಯೋ ಹೊತ್ತಾಯ್ತು."

"ಇರಮ್ಮ," ಎಂದರು ಮೋಹನ್‌ಬಾಬು, ಗಂಟಲಲ್ಲೇ. "ಇಲ್ಲೇ ಇರು."

"ಇಲ್ಲೇ ಅಂದ್ರೆ?"

"ಕೌಂಟರ್‌ನಲ್ಲೇ!"

ಇದು ಮಾತ್ರ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು. ರಾಧಾಮಣಿ ಕುರ್ಚಿ ಎಳೆದುಕೊಂಡು ಕೂತಳು. ಎರಡು ನಿಮಿಷದಲ್ಲಿ ಎಮ್ಮೆ ಎಮ್ಮೆಯಾಗಿ ಹೊರಬಂತು.

ಹತ್ತು ದಿನ ಬಿಟ್ಟು ಹೋದಾಗ ರಾಧಾಮಣಿ ಅದೇ ಕುರ್ಚಿಯಲ್ಲಿದ್ದಳು. ಹೊಸ ಹುಡುಗಿಯೂ ಬಂದಿದ್ದಳು, ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಕಲಿಯುತ್ತಿದ್ದಳು. ಒಳಗೆ ಲ್ಯಾಮಿನೇಷನ್ ಮಾಡುತ್ತಿದ್ದವರು ಮೋಹನ್‌ಬಾಬು.

ನಾನು ದನಿ ತಗ್ಗಿಸಿ ಕೇಳಿದೆ: "ಏನಮ್ಮ, ನಿಮ್ಮ ಓನರ್‌ಗೆ ಬುದ್ಧಿ ಬಂತಾ?"

ಅವಳು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಎಮ್ಮೆ ಮಟ್ಟಿಗೆ ಬಂದಿದೆ ಸಾರ್."