ಗುತ್ತಲದಲ್ಲಿ ಇಲ್ಲದ ಅಕ್ಕ

ರಾಣೆಬೆನ್ನೂರಿನ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧಿ ಉಗ್ರಾಣದ ಪಕ್ಕ, ಹೃದಯ ಸಂಶೋಧನೆಯ ವಿಭಾಗವಿತ್ತು. ವಿಭಾಗವೆಂದರೆ ಎರಡು ಕೋಣೆ, ಮೂರು ಜನ: ಮೈಸೂರು ಕಡೆಯ ಡಾಕ್ಟರಮ್ಮ, ಇಸಿಜಿ ತೆಗೆಯುವ ಟೆಕ್ನಿಷಿಯನ್, ನಾನು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹೆಂಗಸರನ್ನು ಪರದೆಯೊಳಗೆ ಮಲಗಿಸಿ, ಬಳೆ ತೆಗೆಸಿ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ ವೈರುಗಳನ್ನು ಕೂರಿಸುವುದು ನನ್ನ ಕೆಲಸ. ಟೆಕ್ನಿಷಿಯನ್ ಪರದೆಯ ಹೊರಗೆ ನಿಂತು ಗುಂಡಿ ಒತ್ತುತ್ತಿದ್ದ. ಡಾಕ್ಟರಮ್ಮನ ಮಾತು ನಮ್ಮ ಹೆಂಗಸರಿಗೆ ಬೇಗ ತಿಳಿಯುತ್ತಿರಲಿಲ್ಲ. ಅವರ ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಕೇಳುವವಳೂ ನಾನೇ.

ಅದರಲ್ಲಿ ಮುಖ್ಯವಾದ ಪ್ರಶ್ನೆ ಒಂದಿತ್ತು. ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿಗೇ ಇದ್ದಕ್ಕಿದ್ದಂತೆ ಕುಸಿದು ಸತ್ತಿದ್ದಾರೆಯೇ? ರಕ್ತಸಂಬಂಧದಲ್ಲಿ ಹರಿದು ಬರುವ ಹೃದಯದ ಕಾಯಿಲೆಯನ್ನೇ ನಮ್ಮವರು ಹುಡುಕುತ್ತಿದ್ದದ್ದು. ಹೌದು ಎಂದವರನ್ನು ದೊಡ್ಡ ಯಂತ್ರದ ಪರೀಕ್ಷೆಗೆ ಆಸ್ಪತ್ರೆಗೆ ಕರೆಸುತ್ತಿದ್ದರು. ಒಡಹುಟ್ಟಿದವರು ಎಲ್ಲಿದ್ದಾರೆಂದು ಕೇಳಿ ಅವರನ್ನೂ ಕರೆಸುತ್ತಿದ್ದರು. ಇಲ್ಲ ಎಂದವರ ಇಸಿಜಿ ತೀರಾ ಕೆಟ್ಟಿರದಿದ್ದರೆ ಮನೆಗೆ ಕಳಿಸುತ್ತಿದ್ದರು.

ನಮ್ಮ ಅವ್ವ ಕರ್ಜಗಿಯ ಹೊಲದಲ್ಲಿ ಕಳೆ ತೆಗೆಯುತ್ತ ಕುಸಿದು ಸತ್ತಾಗ ನಾನು ಚಿಕ್ಕವಳು. ಆಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಇದನ್ನು ವಿಭಾಗದಲ್ಲಿ ನಾನು ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬುತ್ತಿ ಬಿಚ್ಚಿಕೊಂಡು ನರ್ಸುಗಳು ತಮ್ಮ ತಮ್ಮ ಮನೆತನದ ಮಾತಾಡುತ್ತಿದ್ದಾಗ, ಸುಮ್ಮನಿರಲಾರದೆ ನಾನೂ ಒಂದು ಮಾತು ಹೇಳಿದ್ದೆ: ಅಕ್ಕನನ್ನು ಗುತ್ತಲಕ್ಕೆ ಕೊಟ್ಟಿದ್ದಾರೆ, ಹೊಳೆಯ ದಂಡೆಗೇ ಅವರ ಹೊಲ, ಅವಳು ಮನೆ ಬಿಟ್ಟು ದುಡಿಯಲು ಹೋದವಳೇ ಅಲ್ಲ. ಟೆಕ್ನಿಷಿಯನ್ ಅದನ್ನು ಹಿಡಿದುಕೊಂಡ.

"ಏನ್ ಗೌಡ್ತಿ ತಂಗಿ, ಗುತ್ತಲದಿಂದ ನಮಗೊಂದು ಚೀಲ ಶೇಂಗಾನರ ಬರಬಾರದ?"

"ಬರ್ತೈತಿ. ಹೊತ್ಕೊಂಡ್ ಬರಾಕ ನೀವ ಹೋಗ್ರಿ."

ನಗುತ್ತಿದ್ದೆವು. ಸುಳ್ಳು ಹಳೆಯದಾದಂತೆ ನನಗೇ ನಿಜವೆನ್ನಿಸತೊಡಗಿತ್ತು.

ಒಂದು ಸುಗ್ಗಿಯಲ್ಲಿ ನಮ್ಮ ಜೀಪು ಬ್ಯಾಡಗಿಗೆ ಹೋಯಿತು, ಮೆಣಸಿನಕಾಯಿ ಕೂಲಿಯವರ ಎದೆ ಪರೀಕ್ಷೆಗೆ. ಊರಲ್ಲಿ ಕಾಯಿ ಒಣಹಾಕುವ ಅಂಗಳಗಳು ಎಷ್ಟೋ ಇವೆ, ಅಕ್ಕ ಇರುವ ಅಂಗಳಕ್ಕೇ ಯಾಕೆ ಹೋಗುತ್ತೇವೆ ಎಂದುಕೊಂಡಿದ್ದೆ. ಕೆಂಪು ರಾಶಿಗಳ ನಡುವೆ ಸಾಲಾಗಿ ಕೂತ ಹೆಂಗಸರಲ್ಲಿ ಅವಳೂ ಇದ್ದಳು. ನನ್ನನ್ನು ಕಂಡು ಮುಖ ಅರಳಿಸಿ ಅರ್ಧ ಎದ್ದಳು.

ಅಷ್ಟರಲ್ಲಿ ಟೆಕ್ನಿಷಿಯನ್ ಕೂಗಿದ: "ಏ ಗೌಡ್ತಿ ತಂಗಿ, ಲಗೂ ಪರದೆ ಕಟ್ಟು. ಗುತ್ತಲದಾಗ ನಿಮ್ಮಕ್ಕ ಕುಂತಂಗ ಕುಂತ್ರ ಇಲ್ಲಿ ನಡಿಯಂಗಿಲ್ಲ."

ಅಕ್ಕ ಮೆಲ್ಲಗೆ ಮತ್ತೆ ಕೂತಳು.

ಅವಳ ಪಾಳಿ ಬಂದಾಗ ಪರದೆಯೊಳಗೆ ಬಂದು, "ಎಲ್ಲಿ ಮಕ್ಕೋಬೇಕ್ರಿ ಬಾಯಾರ?" ಎಂದಳು. ನಾನು ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವಳು. ನಾನು ಬೆಂಚು ತೋರಿಸಿದೆ. ಅವಳ ಬಳೆ ತೆಗೆದೆ. ಖಾರ ಹತ್ತಿ ಕೆಂಪಾಗಿದ್ದ ಮಣಿಕಟ್ಟು ಬಿಸಿಯಾಗಿತ್ತು.

ಡಾಕ್ಟರಮ್ಮ ಒಳಗೆ ಬಂದರು. ಚೀಲ ಹೊತ್ತರೆ ಉಸಿರು ಸಿಗುವುದಿಲ್ಲ ಎಂದು ಅಕ್ಕ ಹೇಳಿದಳು. "ಮನೆಯವರದ್ದು ಕೇಳಮ್ಮ" ಎಂದರು ಡಾಕ್ಟರಮ್ಮ ನನಗೆ.

ಕೇಳಿದೆ. "ನಿಮ್ಮ ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ದಪ್ಪನ ಬಿದ್ದು ತೀರಿಕೊಂಡಾರೇನ್ರಿ?"

ಅಕ್ಕ ನನ್ನ ಮುಖವನ್ನೇ ನೋಡಿದಳು. ಅವ್ವನ ಹೆಸರು ಎತ್ತಿದರೆ ಮುಂದಿನ ಪ್ರಶ್ನೆ ಅಕ್ಕತಂಗಿಯರದು. ಅವಳಿಗೆ ಅದು ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ನಾನು ಏನಾದರೂ ಹೇಳಬಹುದೆಂದು ಅವಳು ಕಾದಳು.

"ಇಲ್ರಿ" ಎಂದಳು ಕೊನೆಗೆ. "ನನಗ ಯಾರೂ ಇಲ್ಲ."

ಇಸಿಜಿಯಲ್ಲಿ ದೊಡ್ಡದೇನೂ ಕಾಣಲಿಲ್ಲ. ಧೂಳಿಗೆ ಹೀಗಾಗುತ್ತಿರಬಹುದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿ ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದರು. ಅವರ ತಪ್ಪೇನೂ ಇಲ್ಲ. ಅವರಿಗೆ ನಿಜ ಹೇಳಬೇಕಾದವಳು ನಾನು, ಅವರ ಪಕ್ಕದಲ್ಲೇ ನಿಂತಿದ್ದೆ. ಅಕ್ಕನ ಎದೆಯ ಜೆಲ್ಲಿ ಒರೆಸಿ, ಬಳೆಗಳನ್ನು ಕೈಗಿಟ್ಟೆ. ಹಿಂದಿರುಗುವಾಗ ಬೆರಳಿನ ಖಾರ ಕಣ್ಣಿಗೆ ತಾಗಿ ನೀರು ಸುರಿಯಿತು. "ಗೌಡ್ತಿ ತಂಗಿಗೆ ಬ್ಯಾಡಗಿ ಖಾರ ಸೇರಂಗಿಲ್ಲ" ಎಂದು ಟೆಕ್ನಿಷಿಯನ್ ನೀರಿನ ಬಾಟಲಿ ಕೊಟ್ಟ.

ಒಂದು ಭಾನುವಾರ ರೈಲು ಹತ್ತಿ ಅಕ್ಕನ ಮನೆಗೆ ಹೋದೆ.

"ಬರ್ರಿ ಬಾಯಾರ, ಕುಂದ್ರಿ" ಎಂದು ಚಾಪೆ ಹಾಸಿದಳು. ಚಹಾ ಕೊಟ್ಟಳು. ನಕ್ಕಳು ಕೂಡ.

"ಅಕ್ಕ, ಅವ್ವಗ ಆದಂಗ ಆಗಬಾರದು. ನಮ್ಮ ದವಾಖಾನಿಗೆ ಬಾ. ದೊಡ್ಡ ಮಿಷನ್ ಐತಿ."

"ಬರ್ತೀನಿ. ಯಾರು ಬಂದಾಳಂತ ಹೇಳ್ತಿ?"

ನಾನು ಲೋಟ ತೊಳೆದಿಟ್ಟು ಚಪ್ಪಲಿ ಮೆಟ್ಟಿದೆ.

"ಅದನ್ನ ಗಟ್ಟಿ ಮಾಡ್ಕೊಂಡು ಕರಿ. ಅವತ್ತ ಬರ್ತೀನಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಗಟ್ಟಿ ಮಾಡಿಕೊಳ್ಳಲು ನನಗೆ ಆಗಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳಬೇಕು ಎಂದು ಹೋಗುತ್ತಿದ್ದೆ. ಟೆಕ್ನಿಷಿಯನ್ ಗೌಡ್ತಿಯ ತಂಗಿ ಎಂದೊಡನೆ ನಕ್ಕುಬಿಡುತ್ತಿದ್ದೆ. ಹೀಗೆ ಬೇಸಿಗೆ ಬಂತು.

ಆಗ ಎಲ್ಲರ ಕೈಯಲ್ಲಿ ಮೊಬೈಲು ಇರಲಿಲ್ಲ. ವಿಭಾಗದ ಫೋನು ಬಡಿದಾಗ ಟೆಕ್ನಿಷಿಯನ್ ಎತ್ತಿಕೊಂಡ. "ಬ್ಯಾಡಗಿ ಅಕ್ಕ? ಇಲ್ರಿ, ನಂಬರ್ ತಪ್ಪೈತಿ. ನಮ್ಮಾಕಿ ಅಕ್ಕ ಗುತ್ತಲದಾಗ ಅದಾಳ" ಎಂದು ಹೇಳುತ್ತಲೇ ನನ್ನ ಮುಖ ನೋಡಿದ. ರಿಸೀವರ್ ನನ್ನ ಕೈಗೆ ಕೊಟ್ಟ.

ಅಕ್ಕನ ಜೊತೆ ಕೂಲಿ ಮಾಡುವ ಹೆಂಗಸು ಮಾತಾಡಿದಳು. ಅಕ್ಕ ಅಂಗಳದಲ್ಲೇ ಬಿದ್ದಳಂತೆ. ಹಾವೇರಿಗೆ ಒಯ್ಯುವ ದಾರಿಯಲ್ಲಿ ಹೋಗಿಬಿಟ್ಟಳಂತೆ. ಎದೆ ಪರೀಕ್ಷೆಯ ದಿನ ನಮ್ಮವರು ಕೊಟ್ಟಿದ್ದ ಚೀಟಿಯಲ್ಲಿ ನಂಬರು ಸಿಕ್ಕಿತು ಎಂದಳು. "ಪರದಿ ಒಳಗಿದ್ದ ಬಾಯಾರು ನನ್ನ ತಂಗಿ, ನಾನ ಜ್ವಾಪಾನ ಮಾಡೇನಿ ಅಂತ ನಮಗೆಲ್ಲಾರಿಗೂ ಹೇಳಿದ್ಲ್ರಿ."

ಮಣ್ಣು ಮುಗಿಸಿ ಬಂದ ಮೇಲೆ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಅವರು ಎದ್ದು ಪರದೆ ಎಳೆದು, "ಹಾಗಾದ್ರೆ ನಿನ್ನನ್ನೂ ನೋಡಬೇಕಲ್ಲಮ್ಮ, ಮಲಗು" ಎಂದರು.

ದಿನಾ ಬೇರೆಯವರನ್ನು ಮಲಗಿಸುವ ಮಂಚದಲ್ಲಿ ಮಲಗಿದೆ. ಡಾಕ್ಟರಮ್ಮನೇ ನನ್ನ ಬಳೆ ತೆಗೆದರು. ಪ್ರಶ್ನೆಯನ್ನೂ ಅವರೇ ಕೇಳಿದರು.

"ಅವ್ವ" ಎಂದೆ. "ನಮ್ಮಕ್ಕ. ಬ್ಯಾಡಗಿಯಾಗ ಮೆಣಸಿನಕಾಯಿ ತೊಟ್ಟು ಬಿಡಸ್ತಿದ್ಲು."

ಪರದೆಯ ಆಚೆ ಟೆಕ್ನಿಷಿಯನ್ ಗುಂಡಿ ಒತ್ತಿದ. ಯಂತ್ರದ ಕಾಗದ ಸರಸರ ಹೊರಬಂತು. ಆಮೇಲೆ ದೊಡ್ಡ ಯಂತ್ರದಲ್ಲೂ ನೋಡಿದರು. ನನ್ನ ಹೃದಯ ಚೆನ್ನಾಗಿತ್ತು.