ಜೋಡಿಯಲ್ಲಿ ಉಳಿದ ಒಂದು

ದುರ್ಗದ ಫೋಟೊ ಲ್ಯಾಬಿನ ಗೌಸ್ ಸಾಹೇಬರ ಕೈ ಸುಮ್ಮನಿರದು. ಮದುಮಗನ ಮೊಡವೆ ಅಳಿಸುತ್ತಾರೆ, ಬೋಳುತಲೆಗೆ ಕೂದಲು ನೆಡುತ್ತಾರೆ, ಪಾಸ್‌ಪೋರ್ಟ್ ಫೋಟೊದವರನ್ನೂ ನಗಿಸಿಬಿಡುತ್ತಾರೆ. ರಾಮಗಿರಿಯ ಕೆಂಚಣ್ಣ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ತುಸುವೇ ಬೇರೆ ಕೋನದಿಂದ ತೆಗೆದ ಸ್ಟೀರಿಯೊ ಫೋಟೊಗಳ ಮೆಮೊರಿ ಕಾರ್ಡ್ ಕೊಟ್ಟಾಗಲೂ, "ಎಲ್ಲಾ ಡಬಲ್ ಬಂದಿದ್ವು, ಅಳಿಸೀನಿ," ಎಂದು ಒಂದೊಂದನ್ನೇ ಪ್ರಿಂಟ್ ಹಾಕಿಕೊಟ್ಟರು. "ಅಯ್ಯೋ ಸಾಹೇಬ್ರೆ, ಎರಡೂ ಇಟ್ಟು ಜೋಡಿ ಮಸೂರದ ಕನ್ನಡಕದಾಗೆ ನೋಡಿದ್ರೇನೇ ಮನುಷ್ಯ ಕಾಗದದಿಂದ ಎದ್ದು ಬರಾದು!" ಎಂದು ಆತ ತಲೆ ಚಚ್ಚಿಕೊಂಡರೆ, "ಒಂದೇ ಮುಖಕ್ಕೆ ಎರಡು ಕಾಗದ ಯಾಕ್ರಿ ದಂಡ? ಕುಂತ್ಕಳ್ರಿ, ಚಾ ಕುಡೀರಿ," ಎಂದು ನಕ್ಕರು. ಆ ಕಾರ್ಡಿನಲ್ಲಿ, ಲ್ಯಾಬಿನ ಕೌಂಟರಿನ ಹಿಂದೆ ಕುಳಿತ ಸಾಹೇಬರ ಹೆಂಡತಿ ಪ್ಯಾರಿ ಬೀಯ ಫೋಟೊವೂ ಇತ್ತು. ಆಕೆ ತೀರಿಕೊಂಡ ಮೇಲೆ ಸಾಹೇಬರು ಕೆಂಚಣ್ಣನಿಂದ ಆ ಜೋಡಿ ಮಸೂರದ ಕನ್ನಡಕ ಕೇಳಿ ಇಸಿದುಕೊಂಡಿದ್ದಾರೆ. ಗಿರಾಕಿಗಳಿಲ್ಲದಾಗ, ಉಳಿದ ಆ ಒಂದೇ ಫೋಟೊವನ್ನು ಎರಡು ಸಲ ಪ್ರಿಂಟ್ ಹಾಕಿ, ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಪ್ಯಾರಿ ಬೀ ಕಾಗದ ಬಿಟ್ಟು ಈಚೆ ಬರುವುದಿಲ್ಲ.